ತೊಂಡೆಕಾಯಿಗೆ ನೂರ ಹದಿನೆಂಟು

ಅಡುಗೆಯವರ ಕೈಗೆ ಸುಟ್ಟ ಗಾಯ ಹೊಸದಲ್ಲ. ಕಾವಲಿ ತಾಗುತ್ತದೆ, ಎಣ್ಣೆ ಸಿಡಿಯುತ್ತದೆ, ಎಂಟು ದಿನದಲ್ಲಿ ಒಂದು ಕಪ್ಪು ಕಲೆ ಉಳಿಸಿ ಮಾಯುತ್ತದೆ. ಇವರ ಎಡಗೈ ಮಣಿಕಟ್ಟಿನ ಮೇಲಿನ ಗಾಯ ಒಂದೂವರೆ ತಿಂಗಳಾದರೂ ಮಾಯಲಿಲ್ಲ.

ಅರಿಸಿನ ಹಚ್ಚಿದೆ. ಆಮೇಲೆ ಮುಲಾಮು. ಆಮೇಲೆ ಡಾಕ್ಟರು.

ರಕ್ತ ಕೊಟ್ಟ ಮರುದಿನ ರಿಪೋರ್ಟ್ ತರಲು ಹೋದಾಗ ಲ್ಯಾಬಿನ ಹುಡುಗಿ ಇವರ ಮುಖ ನೋಡದೆ ನನ್ನ ಮುಖ ನೋಡಿದಳು. ಹಾಳೆಯ ಮೇಲೆ ಶುಗರ್ ಮುನ್ನೂರ ಹನ್ನೆರಡು ಎಂದಿತ್ತು. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿ, "ಬೇರೆ ಯಾರದ್ದೋ ಇರ್ಬೇಕು" ಎಂದರು.

ಇವರ ಹೆಸರು ವಿಠಲ. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿದ್ದಾರೆ. ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ನಾನು ಕಲ್ಯಾಣದ ಒಂದು ಜೂನಿಯರ್ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಸಿಸ್ಟೆಂಟ್. ಬಿ.ಎಸ್ಸಿ. ಓದಿದವಳು. ಅದನ್ನು ಇಲ್ಲಿ ಹೇಳುವುದು ಹೆಮ್ಮೆಗಲ್ಲ. ಮುಂದೆ ಬರೆಯುವುದನ್ನು ಓದುವಾಗ ಅದು ನಿಮಗೆ ನೆನಪಿರಲಿ ಎಂದು.

ಹೋಟೆಲಿನ ಅಡುಗೆಮನೆಯಲ್ಲಿ ಐದೂ ಜನ ಕುಂದಾಪುರ ಕಡೆಯವರು. ಹೊರಗೆ ಹಿಂದಿ, ಮರಾಠಿ, ಒಳಗೆ ಕನ್ನಡ. ಬಡಿಸುವವರು ಬಾಗಿಲಲ್ಲಿ ನಿಂತು ಟೇಬಲ್ಲಿನ ನಂಬರು ಕೂಗುತ್ತಾರೆ, ಮೂರಕ್ಕೆ ಸಾದಾ, ಐದಕ್ಕೆ ಇಡ್ಲಿ ಎಂದು. ಏಳನೇ ಟೇಬಲ್ಲಿಗೆ ದಿನವೂ ಬರುವ ಲೇತ್ ಕೆಲಸದವರಿಗೆ ಎಷ್ಟು ಬಡಿಸಿದರೂ ಚಟ್ನಿ ಸಾಲದು. ಇವರು ನಿದ್ದೆಯಲ್ಲಿಯೂ "ಏಳಕ್ಕೆ ಚಟ್ನಿ" ಎಂದು ಗೊಣಗುವುದು ನಮ್ಮ ಮನೆಯ ಹಳೆಯ ತಮಾಷೆ. ಮಗಳು ಅನಘಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಮರಾಠಿಯಲ್ಲಿ. ಅವಳು ತಪ್ಪಿಲ್ಲದೆ ಹೇಳುವ ಕನ್ನಡದ ವಾಕ್ಯ ಇದೊಂದೇ.

ಗುಳಿಗೆ ಶುರುವಾಯಿತು. ಚಹಾಕ್ಕೆ ಸಕ್ಕರೆ ನಿಂತಿತು. ವಾರಕ್ಕೆ ಮೂರು ದಿನ ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ ಬರೆದಿಡಿ ಎಂದರು ಡಾಕ್ಟರು. ಕೇಳಲು ಸುಲಭ. ಆದರೆ ಇಪ್ಪತ್ತೆರಡು ವರ್ಷ ಬಿಸಿ ಪಾತ್ರೆ ಹಿಡಿದ ಬೆರಳುಗಳವು. ತುದಿಯ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪ. ಸೂಜಿ ಚುಚ್ಚಿದರೆ ರಕ್ತ ಬರುವುದಿಲ್ಲ, ನೋವು ಮಾತ್ರ ಬರುತ್ತದೆ. ಎರಡನೇ ಸಲ, ಮೂರನೇ ಸಲ ಚುಚ್ಚಿ, ಹಿಂಡಿ, ಕೊನೆಗೆ ಎಳ್ಳಿನಷ್ಟು ರಕ್ತ ಬಂದರೆ ಮೆಷಿನ್ ಸಾಲದು ಎನ್ನುತ್ತದೆ. ಆಮೇಲೆ ಅದೇ ಬೆರಳಲ್ಲಿ ಹಸಿಮೆಣಸಿನ ಚಟ್ನಿ, ಲಿಂಬೆ, ಉಪ್ಪು. ಮಧ್ಯಾಹ್ನದ ಗಿರಾಕಿ ಮುಗಿಯುವವರೆಗೆ ಕೈ ಉರಿಯುತ್ತಲೇ ಇರುತ್ತಿತ್ತಂತೆ. ಒಂದು ಸಂಜೆ ಬಂದು ಬೆರಳುಗಳನ್ನು ತಣ್ಣೀರಿನ ಚೊಂಬಿನಲ್ಲಿ ಅದ್ದಿ ಕುಳಿತವರು ಹೇಳಿದರು, "ಕಾಯಿಲೆ ಇರ್ಲಿ ಶಶಿ. ಈ ಚುಚ್ಚುದೊಂದು ಬೇಡ."

ಸುಧಾಕರ ಬಂದದ್ದು ಆ ಹೊತ್ತಿಗೆ.

ಸುಧಾಕರ ನಮ್ಮವರೇ. ಕೋಪರಖೈರಣೆಯಲ್ಲಿ ಮನೆ, ತಾಯಿಯೊಂದಿಗೆ ಇರುತ್ತಾನೆ. ಮೊದಲು ನೀರಿನ ಫಿಲ್ಟರ್ ಮಾರುತ್ತಿದ್ದ, ನಡುವೆ ಒಂದಷ್ಟು ದಿನ ಇನ್ಶೂರೆನ್ಸ್. "ನಮ್ಮವರೇ" ಎಂಬ ಮಾತಿನ ಮೇಲೆ ನನಗೆ ಈಗ ಬಹಳ ಅನುಮಾನ. ಈ ಊರಿನಲ್ಲಿ ಆ ಮಾತು ಹೇಳಿದವರ ಕೈಗೆ ನಾವು ಮನೆಯ ಕೀಲಿ ಕೊಟ್ಟು ಊರಿಗೆ ಹೋಗುತ್ತೇವೆ. ಘೋಡಬಂದರ್ ರಸ್ತೆಯ ಹೊಸ ಕಟ್ಟಡವೊಂದರ ಕೆಳಗಿನ ಹಾಲ್‌ನಲ್ಲಿ ಅವನು ನಲವತ್ತು ಜನರನ್ನು ಸೇರಿಸಿದ್ದ. ಎಲ್ಲರೂ ಶುಗರಿನವರು, ಇಲ್ಲವೇ ಶುಗರಿನವರ ಹೆಂಡಂದಿರು. ಅವನ ಕೈಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಬಿಳಿ ಸಾಧನ. ಬೆರಳಿಗೆ ಸಿಕ್ಕಿಸಬೇಕು, ಒಳಗೆ ಕೆಂಪು ಬೆಳಕು ಹತ್ತುತ್ತದೆ, ಇಪ್ಪತ್ತು ಎಣಿಸುವುದರೊಳಗೆ ಶುಗರ್ ಎಷ್ಟೆಂದು ತೋರಿಸುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ.

"ವಿಠಲಣ್ಣ, ಕೈ ಕೊಡಿ" ಎಂದ.

ನೂರ ಇಪ್ಪತ್ತಾರು ಬಂತು. ಅಷ್ಟು ಒಳ್ಳೆಯ ಅಂಕಿಯನ್ನು ಇವರು ತಿಂಗಳುಗಳಿಂದ ನೋಡಿರಲಿಲ್ಲ. ಮುಖ ಅರಳಿತು. ನನಗೆ ಅಲ್ಲಿಯೇ ಏನೋ ಚುಚ್ಚಿತು. ನಮ್ಮ ಲ್ಯಾಬಿನಲ್ಲಿ ಗ್ಲುಕೋಸ್ ಸಕ್ಕರೆಯ ದ್ರಾವಣ ಬಾಟಲಿಯಲ್ಲಿದ್ದರೆ ನೀರೋ ಸಕ್ಕರೆಯೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ನೀಲಿ ದ್ರಾವಣ ಹಾಕಿ ಕಾಯಿಸಿದರೆ ಮಾತ್ರ ಇಟ್ಟಿಗೆಯ ಕೆಂಪಿಗೆ ತಿರುಗಿ ಗುಟ್ಟು ಬಿಟ್ಟುಕೊಡುತ್ತದೆ. ಸಕ್ಕರೆಗೆ ಬಣ್ಣವಿಲ್ಲ. ಹಾಗಿರುವಾಗ ಈ ಕೆಂಪು ಬೆಳಕು ನೋಡುತ್ತಿರುವುದು ಏನನ್ನು? ಕೇಳಿದೆ. ಸುಧಾಕರ ನಕ್ಕು, "ಅಕ್ಕ, ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಹಳತಾಯ್ತು. ನನ್ನ ಅಮ್ಮನಿಗೂ ಇದ್ರಲ್ಲೇ ನೋಡುದು" ಎಂದ. ಹಿಂದೆ ಕುಳಿತವರು ನಕ್ಕರು. ತಾಯಿಯ ಮೇಲೆಯೇ ಪ್ರಯೋಗ ಮಾಡುವವನನ್ನು ಇನ್ನೇನು ಕೇಳುವುದು?

ಮನೆಗೆ ತಂದೆವು.

ಮೂರು ವಾರ ಅದರ ಅಂಕಿಗಳನ್ನು ನಾನೇ ಬರೆದಿಟ್ಟೆ. ನೂರ ಹದಿನಾರು. ನೂರ ಮೂವತ್ತು. ನೂರ ಇಪ್ಪತ್ತೆರಡು. ಊಟದ ಮೊದಲೂ ಅಷ್ಟೇ, ಊಟವಾದ ಮೇಲೂ ಹೆಚ್ಚುಕಡಿಮೆ ಅಷ್ಟೇ. ಮನುಷ್ಯರ ಮೈ ಇಷ್ಟು ಶಿಸ್ತಾಗಿರುತ್ತದೆಯೇ? ಒಂದು ಬೆಳಿಗ್ಗೆ ಪಲ್ಯಕ್ಕೆಂದು ತೊಂಡೆಕಾಯಿ ಹೆಚ್ಚಲು ಕುಳಿತಿದ್ದೆ. ಕ್ಲಿಪ್ಪು ಮೇಜಿನ ಮೇಲಿತ್ತು. ತೊಂಡೆಕಾಯಿ ಸುಮಾರು ಇವರ ಕಿರುಬೆರಳಿನಷ್ಟೇ ಇತ್ತು. ಯೋಚಿಸಿ ಮಾಡಿದ್ದಲ್ಲ. ಸಿಕ್ಕಿಸಿದೆ.

ಕೆಂಪು ಬೆಳಕು ಹತ್ತಿತು. ಇಪ್ಪತ್ತು ಎಣಿಸಿದೆ.

ನೂರ ಹದಿನೆಂಟು.

ಇವರನ್ನು ಕರೆದು ತೋರಿಸಿದೆ. ಇವರು ಒಂದು ಗಳಿಗೆ ನೋಡಿ ಹೊಟ್ಟೆ ಹಿಡಿದು ನಕ್ಕರು. "ತೊಂಡೆಕಾಯಿಗೂ ಶುಗರ್ ಇರ್ತದೆ ಮಾರಾಯ್ತಿ, ತರಕಾರಿ ಅಲ್ವಾ? ನನಗಿಂತ ಕಂಟ್ರೋಲಿನಲ್ಲಿ ಉಂಟು." ಅನಘಾ ಫೋನಿನಿಂದ ತಲೆ ಎತ್ತಿ, "ಮಮ್ಮಿ, ಹೇ ಫೇಕ್ ಆಹೇ" ಎಂದಳು. ನಕಲಿ ಎಂದು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದಳು. ನಾನು ಸುಧಾಕರನಿಗೆ ಫೋನ್ ಮಾಡಿದೆ. ಅವನು ಗಾಬರಿಯಾಗಲಿಲ್ಲ. ಜೀವ ಇರುವ ಯಾವುದಕ್ಕೆ ಇಟ್ಟರೂ ಓದುತ್ತದೆ, ಹಸಿ ಕಾಯಿಗೆ ಜೀವ ಇರುತ್ತದಲ್ಲ ಅಕ್ಕ, ಕಬ್ಬಿಣದ ಸರಳಿಗೆ ಇಟ್ಟು ನೋಡಿ, ಏನೂ ಬರುವುದಿಲ್ಲ ಎಂದ. ಸರಳು ಇರಲಿಲ್ಲ, ಸೌಟಿನ ಹಿಡಿಗೆ ಇಟ್ಟೆ. ನಿಜ, ಏನೂ ಬರಲಿಲ್ಲ.

ಆ ಉತ್ತರವನ್ನು ನಾನು ಒಪ್ಪಿಕೊಂಡೆ. ತೊಂಡೆಕಾಯಿಯಲ್ಲಿ ಗ್ಲುಕೋಸ್ ಇರುವುದು ಸುಳ್ಳಲ್ಲವಲ್ಲ ಎಂದು ನನ್ನ ಡಿಗ್ರಿಯೇ ನನಗೆ ಸಮಾಧಾನ ಹೇಳಿತು. ಓದಿದವರಿಗೆ ತಮ್ಮನ್ನು ತಾವು ಮೋಸ ಮಾಡಿಕೊಳ್ಳಲು ಹೆಚ್ಚು ದಾರಿಗಳಿರುತ್ತವೆ. ನಿಜ ಹೇಳಬೇಕೆಂದರೆ ಕಾರಣ ಬೇರೆ. ಚುಚ್ಚುವುದು ನಿಂತ ಮೇಲೆ ಇವರು ಮನೆಗೆ ಬಂದು ಮೊದಲಿನ ಹಾಗೆ ಮಾತಾಡುತ್ತಿದ್ದರು. ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಗ್ಲುಕೋಮೀಟರ್ ಕಪಾಟಿನ ಮೇಲಿನ ಅರೆಗೆ ಹೋಯಿತು.

ಆ ನಡುವೆ ಡಾಕ್ಟರರು ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿ, ಅದು ಹೆಚ್ಚಿದೆಯೆಂದು ಇನ್ನೊಂದು ಗುಳಿಗೆ ಸೇರಿಸಿದರು. ಊಟ ಮಾತ್ರ ತಪ್ಪಿಸಬೇಡಿ, ಇದು ಶುಗರ್ ಕೆಳಗೆ ಎಳೆಯುವ ಗುಳಿಗೆ ಎಂದು ಎರಡು ಸಲ ಹೇಳಿದರು. ಸರಾಸರಿಯಲ್ಲಿ ಕ್ಲಿಪ್ಪಿಗಿಂತ ಮೊದಲಿನ ದಿನಗಳೂ ಸೇರಿರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಕ್ಲಿಪ್ಪಿನಿಂದ ನೋಡುತ್ತೇವೆ ಎಂದು ನಾವು ಅವರಿಗೆ ಹೇಳಲಿಲ್ಲ. ಬೈಯುತ್ತಾರೆಂದು ಗೊತ್ತಿತ್ತು. ಬೈಯುತ್ತಾರೆಂದು ಗೊತ್ತಿದ್ದದ್ದನ್ನು ಯಾಕೆ ಮಾಡುತ್ತಿದ್ದೇವೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಶ್ರಾವಣ ಬಂತು. ನೋಟು ರದ್ದಾದ ಮರುವರ್ಷದ ಶ್ರಾವಣ. ಶ್ರಾವಣದ ಶನಿವಾರಗಳಲ್ಲಿ ಇವರು ಪೂಜೆ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಸಂಜೆ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಕೋಣೆಯಲ್ಲಿ ಶನಿಪೂಜೆ, ಇವರದ್ದು ತಾಳ. ಈ ಸಲ ಉಪವಾಸ ಬೇಡ ಎಂದೆ. ಇವರು ಕ್ಲಿಪ್ಪನ್ನು ನನ್ನ ಮುಂದೆ ಇಟ್ಟರು. ಗಂಟೆಗೊಮ್ಮೆ ನೋಡುತ್ತೇನೆ, ನೂರಕ್ಕಿಂತ ಕೆಳಗೆ ಬಂದರೆ ಅಲ್ಲಿಯೇ ತಿನ್ನುತ್ತೇನೆ ಎಂದರು.

ನಾನು ಆಯಿತು ಎಂದೆ. ಶನಿವಾರ ಬೆಳಿಗ್ಗೆ ಗುಳಿಗೆ ಎರಡನ್ನೂ ನಾನೇ ಅಂಗೈಗೆ ಹಾಕಿದೆ.

ಆ ದಿನವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹನ್ನೊಂದು ಗಂಟೆಗೆ ಹೋಟೆಲಿನಿಂದ ಫೋನ್: ನೂರ ಮೂವತ್ತೊಂದು. ಒಂದು ಗಂಟೆಗೆ: ನೂರ ಇಪ್ಪತ್ತಾರು. ಮೂರೂವರೆಗೆ ಮನೆಗೆ ಬಂದಾಗ ಕಣ್ಣು ಸ್ವಲ್ಪ ಒಳಗೆ ಹೋಗಿತ್ತು. ಲೋಕಲ್‌ನಲ್ಲಿ ನಿಂತೇ ಬಂದೆ ಎಂದರು. ಆರು ಗಂಟೆಗೆ ಮಂಡಳಿಯ ಮೆಟ್ಟಿಲು ಹತ್ತುವಾಗ ಕೈಗಂಬಿ ಹಿಡಿದರು. ಇವರು ಕೈಗಂಬಿ ಹಿಡಿಯುವವರಲ್ಲ. "ಎದೆ ಡವಡವ ಅಂತ ಉಂಟು" ಎಂದರು. ಅಲ್ಲಿಯೇ ಕ್ಲಿಪ್ಪು ಸಿಕ್ಕಿಸಿದೆವು.

ನೂರ ಇಪ್ಪತ್ತನಾಲ್ಕು.

ಹಾಗಾದರೆ ಶುಗರ್ ಅಲ್ಲ, ಆಯಾಸ ಇರಬೇಕು ಎಂದೆ. ಹೇಳಿದ್ದು ನಾನು.

ಭಜನೆ ಶುರುವಾಗಿ ಮೂರನೆಯದ್ದೋ ನಾಲ್ಕನೆಯದ್ದೋ ಹಾಡಿನಲ್ಲಿ ತಾಳ ತಪ್ಪಿತು. ನಾನು ಹೆಂಗಸರ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವಳು ಕಣ್ಣು ತೆರೆದೆ. ಇವರ ಕೈಯಲ್ಲಿ ತಾಳ ತಪ್ಪಿದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ತಾಳ ಕೆಳಗೆ ಬಿತ್ತು. ಇವರ ಭುಜ ನಡುಗುತ್ತಿತ್ತು. ಶರಟು ಬೆನ್ನಿಗೆ ಅಂಟಿ, ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣು ತೆರೆದಿತ್ತು. ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಪಕ್ಕದವರು ಹಿಡಿಯಲು ಹೋದರೆ ಜೋರಾಗಿ ತಳ್ಳಿದರು.

ಮುಂದೆ ಕುಳಿತಿದ್ದ ಸಂಜೀವಣ್ಣ ಎದ್ದು ಎರಡೂ ಕೈ ಚಾಚಿ ಎಲ್ಲರನ್ನೂ ತಡೆದರು. ಅವರು ಮಂಡಳಿಯ ಹಿರಿಯರು. "ಯಾರೂ ಮುಟ್ಟಬೇಡಿ. ದರ್ಶನ ಬಂದದ್ದು" ಎಂದರು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದೇವರು ಮೈಮೇಲೆ ಬಂದಾಗ ಮೈ ನಡುಗುತ್ತದೆ, ಬೆವರುತ್ತದೆ, ಕಣ್ಣು ನಿಲ್ಲುತ್ತದೆ, ಬಾಯಿಂದ ನುಡಿ ಬರುತ್ತದೆ. ದೇವರು ಮೈಮೇಲೆ ಬರುವ ಪಾತ್ರಿಯನ್ನು ನಾವೆಲ್ಲ ಊರಿನಲ್ಲಿ ಚಿಕ್ಕಂದಿನಿಂದ ನೋಡಿದವರು. ಇವರ ದೊಡ್ಡಪ್ಪನೇ ಪಾತ್ರಿಯಾಗಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇನ್ನು ಯಾರಿಗೆ ಬರುತ್ತದೋ ಎಂಬ ಮಾತು ಪ್ರತಿ ವರ್ಷ ಊರಿನಲ್ಲಿ ಏಳುತ್ತಿತ್ತು. ಡೊಂಬಿವಲಿಯ ಎರಡನೇ ಮಾಳಿಗೆಯ ಕೋಣೆಯಲ್ಲಿ ಇಪ್ಪತ್ತೈದು ಜನರಿಗೂ ಅದೇ ಒಮ್ಮೆಗೆ ನೆನಪಾಯಿತು. ಹಾಡು ನಿಂತಿತು. ಯಾರೋ ಊದುಬತ್ತಿ ಹಚ್ಚಿದರು.

ನಾನೂ ಕೈ ಮುಗಿದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಇವರಿಗೆ ನೆನಪಿಲ್ಲ, ಉಳಿದವರು ಹೇಳುವುದಿಲ್ಲ. ಆದರೆ ಮುಗಿದದ್ದು ನಿಜ. ಶುಗರ್ ಕೆಳಗೆ ಬಂದರೆ ಏನಾಗುತ್ತದೆ ಎಂಬ ಪಟ್ಟಿ ಡಾಕ್ಟರರ ಕೋಣೆಯ ಗೋಡೆಯ ಮೇಲಿತ್ತು: ನಡುಕ, ಬೆವರು, ಗೊಂದಲ, ತೊದಲು. ನಾನು ಅದನ್ನು ಹತ್ತು ಸಲ ಓದಿದ್ದೆ. ಆದರೆ ಅರ್ಧ ಗಂಟೆ ಮೊದಲು ಆ ಕ್ಲಿಪ್ಪು ನೂರ ಇಪ್ಪತ್ತನಾಲ್ಕು ಎಂದು ಹೇಳಿ ಆ ಬಾಗಿಲನ್ನು ಮುಚ್ಚಿತ್ತು. ಅದು ಸುಳ್ಳು ಅಂಕಿ ತೋರಿಸಿದ್ದಕ್ಕಿಂತ ದೊಡ್ಡ ಅಪಾಯ ಇದು. ಶುಗರ್ ಅಲ್ಲ ಎಂದು ಒಮ್ಮೆ ತೀರ್ಮಾನವಾದ ಮೇಲೆ, ಕಣ್ಣೆದುರಿನ ನಡುಕಕ್ಕೆ ನನಗೆ ಗೊತ್ತಿದ್ದ ಇನ್ನೊಂದು ಹೆಸರು ಅದೊಂದೇ.

ಸಂಜೀವಣ್ಣ ಬಾಗಿ, ನಮ್ಮ ಸೇವೆಯಲ್ಲಿ ಏನು ತಪ್ಪಾಗಿದೆ ಎಂದು ಕೇಳಿದರು.

ಇವರ ತುಟಿ ಅಲುಗಿತು. "ಉಪ್ಪು... ಉಪ್ಪು ಕಮ್ಮಿ."

ಅನ್ನದ ಋಣ ಮರೆತಿದ್ದೀರಿ ಅಂತ ಹೇಳುವುದು ಎಂದು ಸಂಜೀವಣ್ಣ ಮೆಲ್ಲಗೆ ಅರ್ಥ ಹೇಳಿದರು. ಮತ್ತೆ ತುಟಿ ಅಲುಗಿತು. "ಏಳು... ಏಳು..."

ಕುಳಿತಿದ್ದವರೆಲ್ಲ ಎದ್ದು ನಿಂತರು. ಸೊಂಟ ನೋವಿನ ಲೀಲಕ್ಕನೂ ಗೋಡೆ ಹಿಡಿದು ಎದ್ದರು. ನಾನೂ ಎದ್ದೆ. ನನ್ನ ಮುಂದೆ ಜನರ ಬೆನ್ನು, ಇವರು ಕಾಣದಾದರು. ಆ ಬೆನ್ನುಗಳ ಆಚೆಯಿಂದ ಇವರ ಧ್ವನಿ ಬಂತು. ಬೇಸತ್ತ ಹಾಗೆ, ಯಾರನ್ನೋ ಗದರುವ ಹಾಗೆ.

"ಏಳಕ್ಕೆ ಚಟ್ನಿ."

ನಮಗೆ ಏಳಿರೆಂದು ಹೇಳಿದ್ದಲ್ಲ. ಅದು ಟೇಬಲ್ಲಿನ ನಂಬರು.

ಜನರನ್ನು ಹೇಗೆ ದಾಟಿದೆನೋ ತಿಳಿಯದು. ಇವರ ಕೈ ಮುಟ್ಟಿದೆ, ಮಂಜುಗಡ್ಡೆ. ಶುಗರ್ ಇಳಿದದ್ದು ಇದು, ಸಿಹಿ ಕೊಡಿ ಎಂದೆ. ಯಾರೂ ಅಲುಗಲಿಲ್ಲ. ಶನಿದೇವರ ಫೋಟೋದ ಮುಂದೆ ಪಂಚಕಜ್ಜಾಯದ ಹರಿವಾಣವಿತ್ತು, ಪಕ್ಕದಲ್ಲಿ ಬೆಲ್ಲದ ಅಚ್ಚು, ಕೆತ್ತಿಟ್ಟ ಎಳನೀರು. ನಾನು ಬೆಲ್ಲಕ್ಕೆ ಕೈ ಹಾಕಿದೆ.

"ಶಶಿ, ಇನ್ನೂ ನೈವೇದ್ಯ ಆಗ್ಲಿಲ್ಲ" ಎಂದರು ಸಂಜೀವಣ್ಣ. ಬೈದದ್ದಲ್ಲ. ನಾನು ಪಾಪಕ್ಕೆ ಬೀಳಬಾರದು ಎಂಬ ಕಾಳಜಿ ಆ ಧ್ವನಿಯಲ್ಲಿತ್ತು. ನನ್ನ ಕೈ ನಿಂತಿತು. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬಹುದು. ಆ ಒಂದು ಉಸಿರು ಈಗಲೂ ನನ್ನ ಎದೆಯ ಮೇಲೆ ಕುಳಿತಿದೆ.

ನನ್ನ ಹಿಂದಿನಿಂದ ಲೀಲಕ್ಕನ ಕೈ ಮುಂದೆ ಬಂದು ಎಳನೀರನ್ನು ಎತ್ತಿತು.

"ಆಗದಿದ್ರೆ ಆಗ್ಲಿಲ್ಲ. ದೇವ್ರು ನಾಳೆಗೂ ಇರ್ತಾರೆ. ಕುಡಿಸು ಹೆಣ್ಣೆ."

ಬೆಲ್ಲವನ್ನು ಪುಡಿ ಮಾಡಿ ಕೆನ್ನೆಯ ಒಳಗೆ ಒತ್ತಿದೆ. ಎಳನೀರು ಅರ್ಧ ಬಾಯಿಗೆ, ಅರ್ಧ ಶರಟಿಗೆ. ನುಂಗಿದರು. ಇಬ್ಬರು ಎತ್ತಿಕೊಂಡು ಇಳಿದರು. ರಿಕ್ಷಾದಲ್ಲಿ ಇವರ ತಲೆ ನನ್ನ ಹೆಗಲ ಮೇಲಿತ್ತು. ಕ್ಲಿಪ್ಪು ಇನ್ನೂ ಇವರ ಶರಟಿನ ಜೇಬಿನಲ್ಲಿತ್ತು. ಯಾಕೆ ಎಂದು ಕೇಳಬೇಡಿ, ತೆಗೆದು ಬೆರಳಿಗೆ ಸಿಕ್ಕಿಸಿದೆ.

ನೂರ ಇಪ್ಪತ್ತೆರಡು.

ಹತ್ತು ನಿಮಿಷದ ನಂತರ ನರ್ಸಿಂಗ್ ಹೋಮಿನ ಕ್ಯಾಷುವಾಲ್ಟಿಯಲ್ಲಿ ಸಿಸ್ಟರ್ ಚುಚ್ಚಿದರು. ಮೂವತ್ತನಾಲ್ಕು. ಅದು ಬೆಲ್ಲ ತಿಂದ ಮೇಲಿನ ಅಂಕಿ.

ಡೆಕ್ಸ್‌ಟ್ರೋಸ್ ನರಕ್ಕೆ ಹೋದ ಕೆಲವೇ ನಿಮಿಷಗಳಲ್ಲಿ ಇವರು ಕಣ್ಣು ಹೊರಳಿಸಿ ನನ್ನನ್ನು ನೋಡಿ, ಮಂಗಳಾರತಿ ಆಯಿತಾ ಎಂದು ಕೇಳಿದರು. ನಾನು ಅಳಲಿಲ್ಲ. ಅಳಬೇಕೆಂದು ಕಾಯುತ್ತಿದ್ದವಳಿಗೆ ಅದು ಬರಲೇ ಇಲ್ಲ. ಅಷ್ಟರಲ್ಲಿ ಸಿಸ್ಟರ್ ಇವರ ತೋರುಬೆರಳಿಗೆ ಒಂದು ಬಿಳಿ ಕ್ಲಿಪ್ಪು ಸಿಕ್ಕಿಸಿದರು. ಅದೇ ಆಕಾರ. ಒಳಗೆ ಅದೇ ಕೆಂಪು ಬೆಳಕು. ನಾನು ಅದನ್ನು ಕಿತ್ತು ಹಾಸಿಗೆಯ ಮೇಲೆ ಎಸೆದೆ.

ಸಿಸ್ಟರ್ ಬೆಚ್ಚಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಂಗಸು. ಅವರು ನನ್ನ ಕೈಯಿಂದ ನಮ್ಮ ಕ್ಲಿಪ್ಪನ್ನು ತೆಗೆದುಕೊಂಡು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ಸ್ಟೂಲ್ ಎಳೆದು ನನ್ನೆದುರು ಕುಳಿತರು. ಆಸ್ಪತ್ರೆಯದ್ದು ಆಕ್ಸಿಜನ್ ನೋಡುವುದಂತೆ. ರಕ್ತದ ಬಣ್ಣ ಆಕ್ಸಿಜನ್ನಿಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಬೆಳಕಿಗೆ ಅದು ಕಾಣುತ್ತದೆ. "ಪಣ್ ಶುಗರ್‌ಲಾ ರಂಗ್ ನಸ್ತೋ, ಮ್ಯಾಡಂ" ಎಂದರು.

ಸಕ್ಕರೆಗೆ ಬಣ್ಣವಿಲ್ಲ. ನನ್ನದೇ ವಾಕ್ಯ ಬೇರೆ ಭಾಷೆಯಲ್ಲಿ ತಿರುಗಿ ಬಂದಿತ್ತು.

ಮೈಯ ಹೊರಗಿನಿಂದಲೇ ಶುಗರ್ ಓದಲು ಎಷ್ಟೋ ಜನ ನಿಜವಾಗಿಯೂ ದುಡಿಯುತ್ತಿದ್ದಾರೆ, ಒಂದು ದಿನ ಬಂದೀತು, ಆದರೆ ಗುಳಿಗೆ ಕೊಡುವಾಗ ನಂಬಬಹುದಾದದ್ದು ನನ್ನ ಕೈಗೆ ಇನ್ನೂ ಬಂದಿಲ್ಲ ಎಂದರು ಅವರು. ತೋಳಿಗೆ ಅಂಟಿಸುವ ಬಿಲ್ಲೆಯೊಂದು ಬಂದಿದೆಯಂತಲ್ಲ ಎಂದು ಕೇಳಿದೆ. ಅದರ ಒಳಗೂ ಚರ್ಮದಡಿ ಹೋಗುವ ಕೂದಲಿನಂಥ ತಂತಿ ಇರುತ್ತದೆ, ಅದೂ ಒಮ್ಮೆ ಚುಚ್ಚಿಯೇ ಅಂಟಿಸುವುದು ಎಂದರು. ಗುಳಿಗೆಯ ಪ್ರಭಾವ ಇನ್ನೂ ಮೈಯಲ್ಲಿದೆ, ಶುಗರ್ ಮತ್ತೆ ಇಳಿಯಬಹುದು, ಆದ್ದರಿಂದ ಎರಡು ದಿನ ಇಲ್ಲಿಯೇ ಇರಬೇಕು, ಗಂಟೆಗೊಮ್ಮೆ ಚುಚ್ಚಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ತುರುಕಬಾರದು, ಇವರಿಗೆ ನುಂಗಲು ಆದದ್ದು ನಿಮ್ಮ ಪುಣ್ಯ ಎಂದೂ ಹೇಳಿದರು. ಕೊನೆಗೆ, ಕೆಳಗೆ ಹೋದದ್ದು ಗೊತ್ತಾದದ್ದು ಹೇಗೆ ಎಂದು ಕೇಳಿದರು.

ಚಟ್ನಿಯಿಂದ ಎಂದೆ. ಅವರು ಕೇಸ್ ಪೇಪರಿನಲ್ಲಿ ಏನು ಬರೆದುಕೊಂಡರೋ ಗೊತ್ತಿಲ್ಲ.

ಮರುದಿನ ಅನಘಾ ಮನೆಯಿಂದ ಬಟ್ಟೆಯ ಜೊತೆ ಕ್ಲಿಪ್ಪಿನ ಪೆಟ್ಟಿಗೆಯನ್ನೂ ತಂದಿದ್ದಳು. ಒಳಗೆ ಎಂಟು ಮಡಿಕೆಯ ಒಂದು ಕಾಗದ. ಇರುವೆಯ ಕಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯ ಸಾಲು ಹೇಳುತ್ತಿತ್ತು: ಇದು ಸಾಮಾನ್ಯ ಆರೋಗ್ಯದ ತಿಳಿವಳಿಕೆಗೆ ಮಾತ್ರ, ಚಿಕಿತ್ಸೆಯ ತೀರ್ಮಾನಕ್ಕಲ್ಲ. ಮನೆಯಲ್ಲಿ ಅದನ್ನು ಓದಬಲ್ಲವರು ಇಬ್ಬರಿದ್ದೆವು. ಮಡಿಕೆಯನ್ನು ಯಾರೂ ಬಿಡಿಸಿರಲಿಲ್ಲ.

ಸುಧಾಕರ ಸೇಬು ತೆಗೆದುಕೊಂಡು ಬಂದ. ಬೆವರಿದ ಬೆರಳಿಗೆ ಇಟ್ಟರೆ ಹಾಗಾಗುತ್ತದೆ ಎಂದು ಶುರು ಮಾಡಿದವನು ಇವರ ಬೆರಳುಗಳ ತುದಿಯ ಕಪ್ಪು ಚುಕ್ಕೆಗಳನ್ನು ನೋಡಿ ನಡುವೆಯೇ ನಿಲ್ಲಿಸಿದ. ಬೈಯಲು ನಾನು ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ಬಾಯಿಗೆ ಬಂದದ್ದು ಬೇರೆಯೇ. "ನಿನ್ನ ಅಮ್ಮನಿಗೆ ಒಂದು ಸಲ ಚುಚ್ಚಿ ನೋಡು ಸುಧಾಕರ."

ನಾಲ್ಕು ದಿನ ಬಿಟ್ಟು ಅವನ ಫೋನ್ ಬಂತು. ಹಿಂದೆ ಯಾವುದೋ ಸ್ಟೇಷನ್ನಿನ ಘೋಷಣೆ ಕೇಳಿಸುತ್ತಿತ್ತು. "ಅಕ್ಕ, ಮುನ್ನೂರ ಎಂಬತ್ತು" ಎಂದ. ಅವನು ಗೊತ್ತಿದ್ದೇ ನಮಗೆ ಮೋಸ ಮಾಡಿದನೆಂಬ ಅನುಮಾನ ಅವತ್ತಿಗೆ ಬಿಟ್ಟಿತು. ಅವನೂ ನನ್ನ ಹಾಗೆಯೇ ನಂಬಿದ್ದ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಮೋಸಗಾರನಾಗಿದ್ದರೆ ಮುಂದಿನ ಸಲ ಗುರುತು ಹಿಡಿಯಬಹುದಿತ್ತು.

ಇದೆಲ್ಲ ನಡೆದು ಐದು ತಿಂಗಳಾಯಿತು. ಅನುಮಾನ ಈಗ ನನ್ನ ಮೈಯಲ್ಲಿ ಮನೆ ಮಾಡಿದೆ. ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಎರಡು ನಿಮಿಷ ಎಂದರೆ ಹಳಿಯ ಕಡೆ ಬಾಗಿ ನೋಡುತ್ತೇನೆ. ಲ್ಯಾಬಿನ ತಕ್ಕಡಿಯನ್ನು ದಿನವೂ ಖಾಲಿ ತಟ್ಟೆ ಇಟ್ಟು ಪರೀಕ್ಷಿಸುತ್ತೇನೆ. ಗ್ಲುಕೋಮೀಟರನ್ನೂ ಬಿಟ್ಟಿಲ್ಲ, ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇವರು ರಕ್ತ ಕೊಟ್ಟ ಗಳಿಗೆಯಲ್ಲಿಯೇ ಅಲ್ಲಿ ಬೆರಳು ಚುಚ್ಚಿ, ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಸ್ವಲ್ಪ ವ್ಯತ್ಯಾಸ ಇರುತ್ತದೆ, ಇರಬಹುದಂತೆ. ಆ ಸ್ವಲ್ಪವನ್ನು ಸಹಿಸಲು ಕಲಿಯುತ್ತಿದ್ದೇನೆ.

ಮಂಡಳಿಯಲ್ಲಿ ಆ ಸಂಜೆಗೆ ಈಗ ಎರಡು ಕಥೆಗಳಿವೆ. ಒಂದು ನನ್ನದು. ಇನ್ನೊಂದರಲ್ಲಿ ದೇವರು ಬಂದದ್ದೂ ನಿಜ, ಉಪ್ಪು ಕಮ್ಮಿ ಎಂದದ್ದೂ ನಿಜ. ಅವತ್ತಿನ ಪ್ರಸಾದದ ಸಾರಿಗೆ ಉಪ್ಪು ಹಾಕಲು ಮರೆತಿದ್ದರೆಂದು ಊಟಕ್ಕೆ ಕುಳಿತಾಗ ಗೊತ್ತಾಯಿತಂತೆ. ಇಬ್ಬರು ಹೆಂಗಸರು ಇವರನ್ನು ಕಂಡರೆ ಈಗಲೂ ಕೈ ಮುಗಿಯುತ್ತಾರೆ. ಇವರು ನಾಚಿಕೊಂಡು ಓಡುತ್ತಾರೆ. ನಾನು ಲೀಲಕ್ಕನ ಹತ್ತಿರ ಒಮ್ಮೆ ಕೇಳಿದೆ, ಅವತ್ತು ನೀವು ಏನೆಂದುಕೊಂಡು ಎಳನೀರು ಎತ್ತಿದಿರಿ, ಶುಗರ್ ಎಂದು ಗೊತ್ತಾಯಿತಾ ಎಂದು. "ಎಂಥ ಶುಗರ್? ದರ್ಶನ ಬಂದವರಿಗೂ ಎಳನೀರೇ ಅಲ್ವಾ ಕೊಡುದು" ಎಂದರು. ವಾದ ಮಾಡಲಿಲ್ಲ. ಆ ಕೈಯ ಋಣ ನನ್ನ ಮೇಲಿದೆ, ಅದು ಯಾವ ಕಾರಣಕ್ಕೆ ಮುಂದೆ ಬಂದಿದ್ದರೂ.

ಇವರು ಹೋಟೆಲಿಗೆ ಹೋಗುತ್ತಿದ್ದಾರೆ. ಚಟ್ನಿ ಈಗ ಬೇರೆಯವರು ಕಲಸುತ್ತಾರೆ. ಆಸ್ಪತ್ರೆಯ ಸಿಸ್ಟರ್ ಒಂದು ಉಪಾಯ ಹೇಳಿಕೊಟ್ಟರು: ತುದಿಗೆ ಚುಚ್ಚಬೇಡಿ, ಎಡಗೈ ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲು ಬಿಸಿನೀರಿನಲ್ಲಿ ಕೈ ತೊಳೆಸಿ. ಅಲ್ಲಿ ಚರ್ಮ ತೆಳು. ಇಷ್ಟು ಸಣ್ಣ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಂದು ಯೋಚಿಸಿದರೆ ತಲೆ ಕೆಡುತ್ತದೆ. ನಾವೂ ಯಾರನ್ನೂ ಕೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಇವರು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಕೈ ಚಾಚಿ, ಮುಖ ಕಿಟಕಿಯ ಕಡೆ ತಿರುಗಿಸುತ್ತಾರೆ. ನಾನು ಚುಚ್ಚುತ್ತೇನೆ. ಒಂದೇ ಸಲಕ್ಕೆ ದಾಳಿಂಬೆ ಕಾಳಿನಷ್ಟು ರಕ್ತ ಮೂಡುತ್ತದೆ. ಅಂಕಿ ಒಂದು ದಿನ ನೂರ ನಲವತ್ತು, ಒಂದು ದಿನ ನೂರ ಎಂಬತ್ತು, ಒಮ್ಮೆ ತೊಂಬತ್ತೊಂದು. ಏರುತ್ತದೆ, ಇಳಿಯುತ್ತದೆ. ಹಾಗೆ ಏರಿಳಿಯುವುದನ್ನು ಕಂಡರೇ ನನಗೆ ಈಗ ಸ್ವಲ್ಪ ನಂಬಿಕೆ.

ಓದಿ ಹೇಳಿದ ಮೇಲೆ ಇವರು ತಪ್ಪದೆ ಕೇಳುತ್ತಾರೆ, "ತೊಂಡೆಕಾಯಿದ್ದು ಎಷ್ಟು?"

ನಾನು ತಕ್ಷಣ ನಗುವುದಿಲ್ಲ. ಮೊದಲು ಇವರ ಹಣೆ ನೋಡುತ್ತೇನೆ, ಹಿಂಗೈಯಿಂದ ಕುತ್ತಿಗೆ ಮುಟ್ಟುತ್ತೇನೆ. ಬೆವರಿಲ್ಲ. ಬೆಚ್ಚಗಿದೆ.

ಆಮೇಲೆ ನಗುತ್ತೇನೆ.